200 ಎಂಬಿಪಿಎಸ್ ಲೈನ್ ಇದ್ದರೂ ವಿಡಿಯೊ ಕಾಲ್ ಯಾಕೆ ತಡವರಿಸುತ್ತದೆ? ನೆಟ್‌ವರ್ಕ್ ಪದಗಳಲ್ಲಿ ಯಾವುದನ್ನು ಮೊದಲು ಕಲಿಯಬೇಕು?

ಪ್ರಶ್ನೆ: ಬಿಸಿಎ ಮುಗಿಸಿ ಒಂದು ಸಣ್ಣ ಕಂಪನಿಯಲ್ಲಿ ನೆಟ್‌ವರ್ಕ್ ಸಪೋರ್ಟ್ ಕೆಲಸಕ್ಕೆ ಸೇರಿದ್ದೇನೆ. ನಮ್ಮ ಲೈನ್ 200 ಎಂಬಿಪಿಎಸ್ ಡೌನ್‌ಲೋಡ್, 20 ಎಂಬಿಪಿಎಸ್ ಅಪ್‌ಲೋಡ್. ಆದರೂ ಬೆಳಗ್ಗೆ 11ರ ಮೇಲೆ ವಿಡಿಯೊ ಕಾಲ್ ತುಂಡು ತುಂಡಾಗುತ್ತದೆ. ಸೀನಿಯರ್‌ಗಳು ಲೇಟೆನ್ಸಿ, ಜಿಟರ್, ಥ್ರೂಪುಟ್, ಕ್ಯೂಒಎಸ್, ಎಸ್‌ಎನ್‌ಎಂಪಿ ಅಂತೆಲ್ಲ ಮಾತಾಡುತ್ತಾರೆ. ಮೊದಲು ಯಾವುದನ್ನು ಕಲಿಯಲಿ?

ಉತ್ತರ:

ಅಪ್‌ಲೋಡ್ 20 ಎಂಬಿಪಿಎಸ್ ಅಂತ ಬರೆದಿದ್ದೀರಲ್ಲ, ನನ್ನ ಅನುಮಾನ ಅದರ ಮೇಲೆಯೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೆಟ್‌ವರ್ಕ್ ನೋಡಿಕೊಳ್ಳುವುದೇ ನನ್ನ ಕೆಲಸ. ಹೊಸಬರಿಗೆ ನಾನು ಹೇಳುವುದು ಒಂದೇ. ಈ ಪದಗಳನ್ನು ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಬೇಡಿ. ಯಾರಾದರೂ 'ನೆಟ್ ಸ್ಲೋ ಇದೆ' ಎಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಓಡಾಡುವ ಡೇಟಾದ ಸಣ್ಣ ತುಂಡು) ಎಲ್ಲಿ ಕಾಯುತ್ತಿದೆ? ಅದನ್ನು ಹುಡುಕುತ್ತಾ ಹೋದರೆ ಈ ಪದಗಳೆಲ್ಲ ಒಂದೊಂದಾಗಿ ಬೇಕಾಗುತ್ತವೆ. ಬೇಕಾದಾಗ ಕಲಿತದ್ದು ಮರೆಯುವುದಿಲ್ಲ.

ಬ್ಯಾಂಡ್‌ವಿಡ್ತ್ ಮತ್ತು ಥ್ರೂಪುಟ್ ಬೇಗ ಮುಗಿಸೋಣ. ಒಂದು ಸೆಕೆಂಡಿಗೆ ಲೈನಿನಲ್ಲಿ ಹೆಚ್ಚೆಂದರೆ ಎಷ್ಟು ಬಿಟ್ ಹೋಗಬಹುದು ಎಂಬುದು ಬ್ಯಾಂಡ್‌ವಿಡ್ತ್. ನಿಜವಾಗಿ ಎಷ್ಟು ಹೋಯಿತು ಎಂಬುದು ಥ್ರೂಪುಟ್. ಎಂಬಿಪಿಎಸ್ ಎಂದರೆ ಮೆಗಾಬಿಟ್ ಲೆಕ್ಕ, ಫೈಲ್ ಕಾಪಿ ಮಾಡುವಾಗ ಪರದೆ ತೋರಿಸುವುದು ಮೆಗಾಬೈಟ್. ನಿಮ್ಮ 200 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 25 ಮೆಗಾಬೈಟ್. 'ಪ್ಲಾನಿನ ಎಂಟನೇ ಒಂದು ಭಾಗ ಮಾತ್ರ ಬರ್ತಿದೆ' ಎಂಬ ದೂರು ನಿಮಗೂ ಬರುತ್ತದೆ. ಆಗ ಇದು ನೆನಪಿರಲಿ.

ಲೇಟೆನ್ಸಿ ಬೇರೆಯೇ ವಿಷಯ. ಒಂದು ಪ್ಯಾಕೆಟ್ ಹೋಗಿ ಮುಟ್ಟಲು ಹಿಡಿಯುವ ಸಮಯ ಅದು. ಹೋಗಿ ಉತ್ತರ ತರುವ ಒಟ್ಟು ಸಮಯಕ್ಕೆ ಆರ್‌ಟಿಟಿ ಎನ್ನುತ್ತೇವೆ, ಪಿಂಗ್ ತೋರಿಸುವುದು ಇದನ್ನೇ. ಇದರ ಒಂದು ಭಾಗವನ್ನು ಯಾರೂ ಏನೂ ಮಾಡಲಾಗದು. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿ.ಮೀ. ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಾಕ್ಕೆ ನೇರ ಗೆರೆ ಎಳೆದರೂ ಹತ್ತಿರ ಹತ್ತಿರ 14,000 ಕಿ.ಮೀ. ಹೋಗಿಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ನೇರವಾಗಿ ಹೋಗುವುದಿಲ್ಲ, ಆದ್ದರಿಂದ ನಿಜದಲ್ಲಿ 200 ದಾಟುತ್ತದೆ. ಎಷ್ಟು ದುಡ್ಡು ಕೊಟ್ಟು ದೊಡ್ಡ ಪ್ಲಾನ್ ಹಾಕಿಸಿದರೂ ಇದು ಇಳಿಯುವುದಿಲ್ಲ. ಸರ್ವರನ್ನೇ ಮುಂಬೈಗೋ ಚೆನ್ನೈಗೋ ಹತ್ತಿರ ತರಬೇಕು. ಸಿಡಿಎನ್‌ಗಳು (ಒಂದೇ ಮಾಹಿತಿಯ ಪ್ರತಿಗಳನ್ನು ಊರೂರಿನ ಸರ್ವರ್‌ಗಳಲ್ಲಿ ಇಡುವ ಜಾಲಗಳು) ಮಾಡುವ ಕೆಲಸ ಅದೇ.

ಲೇಟೆನ್ಸಿಯ ಇನ್ನೊಂದು ಭಾಗ ನಮ್ಮ ಕೈಯಲ್ಲಿದೆ. ಅದು ಸಾಲಿನಲ್ಲಿ ಕಾಯುವ ಸಮಯ. ನಿಮ್ಮ ತೊಂದರೆ ಇಲ್ಲೇ ಇರಬೇಕು ಅಂತ ನನಗೆ ಅನ್ನಿಸುವುದು.

ರೂಟರಿಗೆ ಬರುವ ಪ್ಯಾಕೆಟ್‌ಗಳು ಹೊರಗೆ ಹೋಗುವುದಕ್ಕಿಂತ ಜಾಸ್ತಿ ಇದ್ದರೆ ಅವು ಬಫರ್‌ನಲ್ಲಿ, ಅಂದರೆ ರೂಟರಿನ ತಾತ್ಕಾಲಿಕ ಮೆಮೊರಿಯಲ್ಲಿ, ಸಾಲು ನಿಲ್ಲುತ್ತವೆ. ನಿಮ್ಮ ರೂಟರ್ ಅಥವಾ ಮೋಡೆಮ್‌ನಲ್ಲಿ 1 ಮೆಗಾಬೈಟ್ ಬಫರ್ ಇದೆ ಎಂದುಕೊಳ್ಳಿ. ಅಂದರೆ 8 ಮೆಗಾಬಿಟ್. 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು. ಬೆಳಗ್ಗೆ 11ಕ್ಕೆ ಯಾರೋ ಒಬ್ಬರ ಲ್ಯಾಪ್‌ಟಾಪ್ ಕ್ಲೌಡ್‌ಗೆ ಬ್ಯಾಕಪ್ ಶುರುಮಾಡಿತು ಅನ್ನಿ. ಬಫರ್ ತುಂಬುತ್ತದೆ. ಆಗ ಪಕ್ಕದವರ ವಿಡಿಯೊ ಕಾಲ್‌ನ ಪುಟ್ಟ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಂತು 400 ಮಿಲಿಸೆಕೆಂಡ್ ಕಾಯುತ್ತದೆ. ಮಾತಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುನ ಶಿಫಾರಸು. ನೀವು ಅದನ್ನು ಎಂದೋ ದಾಟಿಬಿಟ್ಟಿರುತ್ತೀರಿ. ಡೌನ್‌ಲೋಡ್ ಬದಿಯ 200 ಎಂಬಿಪಿಎಸ್‌ನಲ್ಲಿ ಹೆಚ್ಚಿನದು ಆಗ ಖಾಲಿ ಬಿದ್ದಿರುತ್ತದೆ.

ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ 2010ರ ಸುಮಾರಿಗೆ ತಮ್ಮ ಮನೆಯ ಲೈನಿನಲ್ಲೇ ಇದನ್ನು ಕಂಡು ಬೆನ್ನುಹತ್ತಿದರು. ಮೆಮೊರಿ ಅಗ್ಗವಾದಂತೆ ಕಂಪನಿಗಳು ರೂಟರುಗಳಲ್ಲಿ ದೊಡ್ಡ ದೊಡ್ಡ ಬಫರ್ ಇಟ್ಟವು. ಪ್ಯಾಕೆಟ್ ಬಿಸಾಕುವುದು ತಪ್ಪು, ಇಟ್ಟುಕೊಂಡರೆ ಒಳ್ಳೆಯದು ಎಂಬ ಯೋಚನೆ. ಆದರೆ ಟಿಸಿಪಿಗೆ (ಡೇಟಾ ತಪ್ಪದೆ ಮುಟ್ಟುವಂತೆ ನೋಡಿಕೊಳ್ಳುವ ನಿಯಮಾವಳಿ) ದಟ್ಟಣೆ ಗೊತ್ತಾಗುವುದೇ ಪ್ಯಾಕೆಟ್ ಕಳೆದಾಗ. ಬಿಸಾಕದೆ ಇಟ್ಟುಕೊಂಡರೆ ಕಳಿಸುವವನಿಗೆ ಸುದ್ದಿಯೇ ಮುಟ್ಟುವುದಿಲ್ಲ, ಅವನು ಇನ್ನೂ ಕಳಿಸುತ್ತಲೇ ಇರುತ್ತಾನೆ.

ಟಿಸಿಪಿ ಈ ಪಾಠ ಕಲಿತ ಕಥೆ ನನಗೆ ತುಂಬ ಇಷ್ಟ. 1986ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಬರೀ 400 ಗಜ ದೂರ. ಆ ಲೈನಿನ ಥ್ರೂಪುಟ್ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಉತ್ತರ ತಡವಾದಾಗ ಎಲ್ಲ ಯಂತ್ರಗಳೂ ಅದೇ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದವು. ವ್ಯಾನ್ ಜೇಕಬ್ಸನ್ ಮತ್ತು ಮೈಕ್ ಕ್ಯಾರೆಲ್ಸ್ ಇದರ ಬುಡ ಹುಡುಕಿದರು. ನಿಧಾನವಾಗಿ ಶುರುಮಾಡು, ನಷ್ಟ ಕಂಡರೆ ವೇಗ ಇಳಿಸು ಎಂಬ ನಡವಳಿಕೆಯನ್ನು ಟಿಸಿಪಿಗೆ ಕಲಿಸಿದರು. ಕಂಜೆಷನ್ ಕಂಟ್ರೋಲ್ ಎಂದರೆ ಇದೇ. ಇಂಟರ್ನೆಟ್ ಇವತ್ತು ನಿಂತಿರುವುದು ಈ ಶಿಸ್ತಿನ ಮೇಲೆ. ಅದೇ ಜೇಕಬ್ಸನ್, ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ 2012ರಲ್ಲಿ ಬಫರ್‌ಬ್ಲೋಟ್‌ಗೂ ಮದ್ದು ಕೊಟ್ಟರು. ಹೆಸರು ಕೋಡೆಲ್. ಸಾಲು ಎಷ್ಟು ಉದ್ದ ಇದೆ ಎಂದು ಅದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವಿಕೆ 100 ಮಿಲಿಸೆಕೆಂಡ್ ಕಾಲ ಒಮ್ಮೆಯೂ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಪ್ಯಾಕೆಟ್ ಬಿಸಾಕಲು ಶುರುಮಾಡುತ್ತದೆ. ಎಷ್ಟು ಸರಳ, ಎಷ್ಟು ಚೆಂದ ಅಲ್ವಾ?

ಅದರ ಮುಂದಿನ ರೂಪ ಎಫ್‌ಕ್ಯೂ-ಕೋಡೆಲ್. ಇದು ಪ್ರತಿ ಸಂಪರ್ಕಕ್ಕೂ ಬೇರೆ ಬೇರೆ ಸಾಲು ಮಾಡುತ್ತದೆ. ಬ್ಯಾಕಪ್‌ನ ರಾಶಿಯ ಹಿಂದೆ ವಿಡಿಯೊ ಕಾಲ್ ನಿಲ್ಲಬೇಕಾಗಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ಸಾಫ್ಟ್‌ವೇರ್ ಇರುವ ರೂಟರಿನಲ್ಲಿ ಸಿಗುತ್ತದೆ. ಬೇರೆ ಕೆಲವು ರೂಟರುಗಳಲ್ಲಿ ಎಸ್‌ಕ್ಯೂಎಂ ಅಥವಾ ಸ್ಮಾರ್ಟ್ ಕ್ಯೂ ಎಂಬ ಹೆಸರಲ್ಲಿ ಇರುತ್ತದೆ. ಹಾಕುವಾಗ ಒಂದು ಮಾತು ಮರೆಯಬೇಡಿ. ಅಪ್‌ಲೋಡ್ ಮಿತಿಯನ್ನು 18 ಎಂಬಿಪಿಎಸ್‌ಗೆ, ಅಂದರೆ ನಿಜವಾದ ಮಿತಿಗಿಂತ ಸ್ವಲ್ಪ ಕೆಳಗೆ ಇಡಿ. ಆಗ ಸಾಲು ನಿಮ್ಮ ರೂಟರಿನಲ್ಲೇ ಆಗುತ್ತದೆ, ಅದನ್ನು ನೀವು ನಿಭಾಯಿಸಬಹುದು. ಇಲ್ಲದಿದ್ದರೆ ಸಾಲು ಮೋಡೆಮ್‌ಗೆ ಹೋಗಿ ಕೂರುತ್ತದೆ, ಅಲ್ಲಿ ನಿಮ್ಮ ಮಾತು ನಡೆಯುವುದಿಲ್ಲ. 2 ಎಂಬಿಪಿಎಸ್ ಬಿಟ್ಟುಕೊಡುವುದಕ್ಕೆ ಮ್ಯಾನೇಜರ್‌ಗಳು ಒಪ್ಪುವುದು ಕಷ್ಟ. ಹಾಕುವ ಮುಂಚಿನ, ಹಾಕಿದ ನಂತರದ ಪಿಂಗ್ ಎರಡನ್ನೂ ತೋರಿಸಿ, ಒಪ್ಪುತ್ತಾರೆ.

ಈಗ ಜಿಟರ್. ಒಂದೊಂದು ಪ್ಯಾಕೆಟಿನ ತಡ ಒಂದೊಂದು ಥರ ಇದ್ದರೆ ಆ ಏರಿಳಿತವೇ ಜಿಟರ್. ಧ್ವನಿ ಕಾಲ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ, ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ. ಅವು ಅದೇ ಲಯದಲ್ಲಿ ಬರಬೇಕು. ತಡವಾಗಿ ಬಂದ ಪ್ಯಾಕೆಟ್ ಬರದೇ ಇದ್ದದ್ದಕ್ಕೆ ಸಮ, ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಸರಾಸರಿ ಪಿಂಗ್ 40 ಇದ್ದರೂ ಅದು 10 ಮತ್ತು 300ರ ನಡುವೆ ಕುಣಿಯುತ್ತಿದ್ದರೆ ಕಾಲ್ ಕೆಡುತ್ತದೆ. ಆದ್ದರಿಂದ ಪಿಂಗ್ ಫಲಿತಾಂಶದಲ್ಲಿ ಸರಾಸರಿ ಬಿಟ್ಟು ಗರಿಷ್ಠ ನೋಡಿ.

ಪ್ಯಾಕೆಟ್ ಲಾಸ್ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. '1% ಲಾಸ್ ತಾನೆ' ಎಂದು ಸುಮ್ನೆ ಬಿಡುವವರೇ ಜಾಸ್ತಿ. ಹಳೆಯ ಬಗೆಯ ಟಿಸಿಪಿಯ ಒಂದು ಸಂಪರ್ಕಕ್ಕೆ ಒಂದು ಸೂತ್ರ ಇದೆ, 1997ರದು, ಮ್ಯಾಥಿಸ್ ಸೂತ್ರ ಎನ್ನುತ್ತಾರೆ. ಅದರ ಪ್ರಕಾರ 1% ಲಾಸ್, 200 ಮಿಲಿಸೆಕೆಂಡ್ ಆರ್‌ಟಿಟಿ ಇದ್ದರೆ ಲೈನ್ ಎಷ್ಟೇ ದೊಡ್ಡದಿರಲಿ, ಸಿಗುವುದು ಸುಮಾರು 0.7 ಎಂಬಿಪಿಎಸ್. ಅದೇ ಲಾಸ್, ಆದರೆ 10 ಮಿಲಿಸೆಕೆಂಡ್ ದೂರದ ಸರ್ವರ್ ಆದರೆ ಸುಮಾರು 14 ಎಂಬಿಪಿಎಸ್. ಈಗಿನ ಟಿಸಿಪಿ ಬಗೆಗಳಾದ ಕ್ಯೂಬಿಕ್, ಗೂಗಲ್‌ನ ಬಿಬಿಆರ್ ಇದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಆದರೂ ಲಾಸ್ ಮತ್ತು ದೂರ ಸೇರಿದರೆ ಎಷ್ಟು ಕೆಟ್ಟದು ಎಂದು ಇದರಿಂದ ತಿಳಿಯುತ್ತದೆ.

ದೂರದ ಸರ್ವರ್‌ಗೆ ಇನ್ನೊಂದು ತೊಡಕು, ಟಿಸಿಪಿ ವಿಂಡೋ. ಉತ್ತರ ಬರುವ ಮುಂಚೆ ಎಷ್ಟು ಡೇಟಾ ಕಳಿಸಿ ಕಾಯಬಹುದು ಎಂಬ ಮಿತಿ ಅದು. 200 ಎಂಬಿಪಿಎಸ್ ಲೈನ್, 200 ಮಿಲಿಸೆಕೆಂಡ್ ಆರ್‌ಟಿಟಿ ಇದ್ದರೆ ದಾರಿ ತುಂಬಲು 5 ಮೆಗಾಬೈಟ್ ಬೇಕು. ಇದನ್ನು ಬ್ಯಾಂಡ್‌ವಿಡ್ತ್-ಡಿಲೇ ಪ್ರಾಡಕ್ಟ್ ಎನ್ನುತ್ತಾರೆ. ಯಾವುದೋ ಹಳೆಯ ಸಾಫ್ಟ್‌ವೇರ್ 64 ಕೆಬಿಗೆ ನಿಂತುಬಿಟ್ಟರೆ ಸಿಗುವುದು 2.6 ಎಂಬಿಪಿಎಸ್ ಮಾತ್ರ. ಸ್ಪೀಡ್ ಟೆಸ್ಟ್ ಮಾತ್ರ ಪೂರ್ತಿ 200 ತೋರಿಸುತ್ತದೆ, ಯಾಕೆಂದರೆ ಅದು ಹತ್ತಿರದ ಸರ್ವರ್‌ಗೆ ಹಲವು ಸಂಪರ್ಕ ಒಟ್ಟಿಗೆ ತೆರೆಯುತ್ತದೆ.

ಕ್ಯೂಒಎಸ್ ಎಂದರೆ ಸಾಲು ಆದಾಗ ಯಾರು ಮೊದಲು ಎಂದು ತೀರ್ಮಾನಿಸುವುದು. ಸಾಲೇ ಇಲ್ಲದಿದ್ದರೆ ಅದಕ್ಕೆ ಕೆಲಸವಿಲ್ಲ. ಧ್ವನಿ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತು ಹಾಕುವುದು ರೂಢಿ. ನಿಮ್ಮ ಕಚೇರಿಯ ಒಳಗೆ ಇದು ನಡೆಯುತ್ತದೆ. ಸಾಮಾನ್ಯ ಇಂಟರ್ನೆಟ್ ಲೈನಿನಲ್ಲಿ ಮುಂದಿನವರು ಅದನ್ನು ಗೌರವಿಸುತ್ತಾರೆ ಎಂದು ನಂಬಬೇಡಿ.

ಇನ್ನು ಮ್ಯಾನೇಜ್‌ಮೆಂಟ್ ಪದಗಳು. ಎಸ್‌ಎನ್‌ಎಂಪಿ 1988ರಿಂದ ಇದೆ. ಸ್ವಿಚ್, ರೂಟರುಗಳನ್ನು ಯುಡಿಪಿ ಪೋರ್ಟ್ 161ರಲ್ಲಿ 'ಇಲ್ಲಿಯವರೆಗೆ ಎಷ್ಟು ಬೈಟ್ ಹೋಯಿತು' ಎಂದು ಕೇಳುತ್ತಾ ಇರುವುದು ಅದರ ಮುಖ್ಯ ಕೆಲಸ. ಸಾಧನವೇ ತಾನಾಗಿ ಎಚ್ಚರಿಕೆ ಕಳಿಸಿದರೆ ಅದು ಟ್ರ್ಯಾಪ್, ಪೋರ್ಟ್ 162. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಹಳೆಯ ಬೈಟ್ ಎಣಿಕೆ 32 ಬಿಟ್‌ನದು. 1 ಜಿಬಿಪಿಎಸ್ ಪೋರ್ಟ್ ಪೂರ್ತಿ ಓಡಿದರೆ ಅದು 34 ಸೆಕೆಂಡಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 5 ನಿಮಿಷಕ್ಕೊಮ್ಮೆ ಕೇಳಿದರೆ ಗ್ರಾಫ್ ಪೂರಾ ಸುಳ್ಳು. 64 ಬಿಟ್ ಎಣಿಕೆಯನ್ನೇ ಬಳಸಿ. ಎರಡನೆಯದು, 5 ನಿಮಿಷದ ಸರಾಸರಿ 30% ತೋರಿಸಿದರೂ ಮಧ್ಯೆ ಕೆಲವು ಸೆಕೆಂಡ್ ಲೈನ್ ಪೂರ್ತಿ ತುಂಬಿರಬಹುದು. ಅದನ್ನು ಹಿಡಿಯಲು ಪೋರ್ಟಿನ ಡಿಸ್ಕಾರ್ಡ್ ಎಣಿಕೆ ನೋಡಿ. ಸಾಲು ತುಂಬಿ ಬಿಸಾಡಿದ ಪ್ಯಾಕೆಟ್ ಅಲ್ಲಿ ಕಾಣುತ್ತವೆ. ಅಂದಹಾಗೆ ಎಸ್‌ಎನ್‌ಎಂಪಿ 2ಸಿ ಆವೃತ್ತಿಯಲ್ಲಿ ಪಾಸ್‌ವರ್ಡ್ ಥರದ ಗುಟ್ಟಿನ ಪದ ಬಯಲಲ್ಲೇ ಹೋಗುತ್ತದೆ. ಸಾಧ್ಯವಾದರೆ 3ನೇ ಆವೃತ್ತಿ ಹಾಕಿಸಿ.

ಯಾರು ಬಳಸುತ್ತಿದ್ದಾರೆ ಎಂದು ಎಸ್‌ಎನ್‌ಎಂಪಿ ಹೇಳುವುದಿಲ್ಲ, ಎಷ್ಟು ಎಂದಷ್ಟೇ ಹೇಳುತ್ತದೆ. ಯಾರು ಎಂದು ತಿಳಿಯಲು ನೆಟ್‌ಫ್ಲೋ ಬೇಕು, ಅದು ಯಾವ ಯಂತ್ರದಿಂದ ಎಲ್ಲಿಗೆ ಎಷ್ಟು ಡೇಟಾ ಹೋಯಿತು ಎಂಬ ದಾಖಲೆ. ನಿಮ್ಮ 11 ಗಂಟೆಯ ಅಪ್‌ಲೋಡ್ ಯಾರದು ಎಂದು ಅದು ಐಪಿ ಸಮೇತ ತೋರಿಸುತ್ತದೆ.

ಎಂಟಿಯು ಸದ್ಯಕ್ಕೆ ಇಷ್ಟು ಸಾಕು: ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟಿನ ಮಿತಿ 1500 ಬೈಟ್, ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ಬಗೆ) ಲೈನಿನಲ್ಲಿ 1492. ಪಿಂಗ್ ಹೋಗುತ್ತದೆ, ಲಾಗಿನ್ ಪುಟವೂ ಬರುತ್ತದೆ, ದೊಡ್ಡ ಪುಟ ಮಾತ್ರ ನೇತಾಡುತ್ತದೆ ಎಂದರೆ ಇದನ್ನು ಅನುಮಾನಿಸಿ. ವಿಪಿಎನ್‌ನಲ್ಲಿ ಜಾಸ್ತಿ ಕಾಣುತ್ತದೆ. 'ಪ್ಯಾಕೆಟ್ ದೊಡ್ಡದಾಯಿತು' ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ದಾರಿಯ ಯಾವುದೋ ಫೈರ್‌ವಾಲ್ ತಡೆದಿದ್ದರೆ ಸಾಮಾನ್ಯವಾಗಿ ಕಾರಣ ಅದೇ.

ಟ್ರೇಸ್‌ರೂಟ್ (ಪ್ಯಾಕೆಟ್ ದಾಟಿಹೋಗುವ ರೂಟರುಗಳನ್ನು ಒಂದೊಂದಾಗಿ ತೋರಿಸುವ ಸಾಧನ) ಓದುವಾಗ ಮಧ್ಯದ ಒಂದು ರೂಟರಿನಲ್ಲಿ 60% ಲಾಸ್ ಕಂಡರೆ ಗಾಬರಿಯಾಗಿ ಐಎಸ್‌ಪಿಗೆ, ಅಂದರೆ ಇಂಟರ್ನೆಟ್ ಕೊಡುವ ಕಂಪನಿಗೆ, ಫೋನ್ ಮಾಡಬೇಡಿ. ರೂಟರುಗಳು ಪ್ಯಾಕೆಟ್ ದಾಟಿಸುವ ಕೆಲಸಕ್ಕೆ ಮೊದಲ ಆದ್ಯತೆ ಕೊಟ್ಟು, ನಿಮ್ಮ ಇಂಥ ಪ್ರಶ್ನೆಗೆ ಬಿಡುವಾದಾಗ ಉತ್ತರಿಸುತ್ತವೆ. ಆ ಲಾಸ್ ಕೊನೆಯ ಗುರಿಯವರೆಗೂ ಮುಂದುವರಿದರೆ ಮಾತ್ರ ಅದು ನಿಜ.

ನಾಳೆ ಕಚೇರಿಗೆ ಹೋದಾಗ ಹೀಗೆ ಮಾಡಿ. ಕೇಬಲ್ ಹಾಕಿದ ಕಂಪ್ಯೂಟರಿನಿಂದಲೇ ಮಾಡಿ, ವೈಫೈ ಬೇಡ, ಅದರ ಜಿಟರ್ ಸೇರಿಕೊಂಡರೆ ಏನೂ ತಿಳಿಯುವುದಿಲ್ಲ. ಬೆಳಗ್ಗೆ ಯಾರೂ ಬರುವ ಮುಂಚೆ 8.8.8.8ಕ್ಕೆ (ಗೂಗಲ್‌ನ ಡಿಎನ್‌ಎಸ್ ಸರ್ವರ್ ವಿಳಾಸ) ಐದು ನಿಮಿಷ ಪಿಂಗ್ ಬಿಡಿ, ಬರೆದಿಡಿ. ಅದೇ ನಿಮ್ಮ ಬೇಸ್‌ಲೈನ್. ಆಮೇಲೆ ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿ, ಅದು ಓಡುತ್ತಿರುವಾಗಲೇ ಮತ್ತೆ ಪಿಂಗ್ ನೋಡಿ. ಸಮಯ ನೂರಾರು ಮಿಲಿಸೆಕೆಂಡಿಗೆ ಹಾರಿದರೆ ಬಫರ್‌ಬ್ಲೋಟ್ ಖಚಿತ. ಹಾರದಿದ್ದರೆ ಅದೇ ಪರೀಕ್ಷೆಯನ್ನು ನಿಮ್ಮ ರೂಟರಿನ ವಿಳಾಸಕ್ಕೆ ವೈಫೈಯಿಂದ ಮಾಡಿ. ಆಗ ಕೆಟ್ಟರೆ ತೊಂದರೆ ಗೋಡೆಯ ಒಳಗೇ ಇದೆ, ಐಎಸ್‌ಪಿಯದಲ್ಲ. ಎರಡೂ ಫಲಿತಾಂಶ ಮತ್ತು ರೂಟರಿನ ಮಾದರಿ ಇಲ್ಲಿ ಹಾಕಿದರೆ, ಅದರಲ್ಲಿ ಎಸ್‌ಕ್ಯೂಎಂ ಎಲ್ಲಿ ಆನ್ ಮಾಡಬೇಕು ಎಂದು ನೋಡಿ ಹೇಳುತ್ತೇನೆ.