‘ಕೀನ್’ ಎಂಬ ರುಜು ಯಾರದು?

ಪ್ರಶ್ನೆ: ನಾನು ಚಿತ್ರಕಲೆಯ ವಿದ್ಯಾರ್ಥಿನಿ. ಹೆಂಡತಿ ಬರೆದ ಚಿತ್ರಗಳನ್ನು ಗಂಡ ತನ್ನವೆಂದು ಹೇಳಿ ಮಾರುವ ಕಥೆಯ ‘ಬಿಗ್ ಐಸ್’ (2014) ಸಿನಿಮಾ ನೋಡಿದೆ. ನ್ಯಾಯಾಧೀಶರು ಇಬ್ಬರಿಗೂ ಅಲ್ಲಿಯೇ ಚಿತ್ರ ಬರೆಯಲು ಹೇಳುವ ದೃಶ್ಯ ನಂಬುವಂತಿರಲಿಲ್ಲ. ಅದು ನಿಜವಾಗಿ ನಡೆದದ್ದೇ? ಅಷ್ಟು ವರ್ಷ ಈ ಮೋಸ ಬಯಲಾಗದೆ ಉಳಿದದ್ದು ಹೇಗೆ?

ಉತ್ತರ: ನಿಮಗೆ ಕಟ್ಟುಕಥೆಯೆನಿಸಿದ ಆ ದೃಶ್ಯ ನಡೆದ ಸಂಗತಿಯೇ. 1986ರಲ್ಲಿ ಹೊನೊಲುಲುವಿನ ಫೆಡರಲ್ ನ್ಯಾಯಾಲಯದಲ್ಲಿ ಸಿನಿಮಾದ ಕಥೆಗೆ ಮೂಲವಾದ ಅಮೆರಿಕದ ಕಲಾವಿದೆ ಮಾರ್ಗರೆಟ್ ಕೀನ್ ಅವರು ತೀರ್ಪುಗಾರರ ಮಂಡಳಿಯ ಕಣ್ಣೆದುರಿಗೇ, 53 ನಿಮಿಷಗಳಲ್ಲಿ, ದೊಡ್ಡ ಕಣ್ಣುಗಳ ಮಗುವಿನ ಚಿತ್ರವೊಂದನ್ನು ಬರೆದು ಮುಗಿಸಿದರು. ಮಾಜಿ ಪತಿ ವಾಲ್ಟರ್ ಕೀನ್ ಭುಜದ ನೋವಿನ ಕಾರಣ ಹೇಳಿ ಕುಂಚವನ್ನೇ ಹಿಡಿಯಲಿಲ್ಲ. ವಕೀಲರಿಲ್ಲದೆ ಅವರು ತಮ್ಮ ಪರವಾಗಿ ತಾವೇ ವಾದಿಸಿದ್ದೂ ನಿಜ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆ ಚಿತ್ರಗಳ ಮೂಲೆಯಲ್ಲಿಯೇ ಇದೆ. 1955ರಲ್ಲಿ ವಾಲ್ಟರ್ ಅವರನ್ನು ಮದುವೆಯಾದ ಮಾರ್ಗರೆಟ್ ತಮ್ಮ ಚಿತ್ರಗಳಿಗೆ ‘ಕೀನ್’ ಎಂದಷ್ಟೇ ರುಜು ಹಾಕುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ‘ಹಂಗ್ರಿ ಐ’ ಎಂಬ ಕ್ಲಬ್ಬಿನಲ್ಲಿ ಅವುಗಳನ್ನು ಮಾರುತ್ತಿದ್ದ ವಾಲ್ಟರ್, ಆ ರುಜು ತಮ್ಮದೆಂದು ಹೇಳಿದಾಗ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಏಕೆಂದರೆ ರುಜು ನಕಲಿಯಲ್ಲ, ಹೆಸರು ಇಬ್ಬರದೂ ಹೌದು. ಮುಂದೆ ಅಗ್ಗದ ಮುದ್ರಿತ ಪ್ರತಿಗಳು ಮನೆಮನೆಗೆ ತಲುಪಿದವು. ಕೊಂಡವರಿಗೆ ಕಂಡದ್ದು ಪ್ರಚಾರದಲ್ಲಿ ಮುಂದಿದ್ದ ಗಂಡನೇ ಹೊರತು, ಮನೆಯೊಳಗೆ ಕುಳಿತು ಬರೆಯುತ್ತಿದ್ದ ಹೆಂಡತಿಯಲ್ಲ.

ವಿದ್ಯಾರ್ಥಿನಿಯಾದ ನೀವು ಇನ್ನೊಂದನ್ನು ಗಮನಿಸಬೇಕು. ಅದೇ ವರ್ಷಗಳಲ್ಲಿ ಮಾರ್ಗರೆಟ್, ಇಟಲಿಯ ಚಿತ್ರಕಾರ ಮೊದಿಲ್ಯಾನಿಯ ಪ್ರಭಾವವುಳ್ಳ ನೀಳಮುಖದ ಸ್ತ್ರೀಯರನ್ನು ಬೇರೊಂದು ಶೈಲಿಯಲ್ಲಿ ಬರೆದು, ತಮ್ಮ ಹೆಸರಿನಲ್ಲಿಯೇ ಪ್ರದರ್ಶಿಸುತ್ತಿದ್ದರು. ತನ್ನ ಹೆಸರು ಉಳಿಸಿಕೊಳ್ಳಲು ಕಲಾವಿದೆಯೊಬ್ಬಳು ತನ್ನ ಶೈಲಿಯನ್ನೇ ಬದಲಿಸಬೇಕಾದ ಈ ಸ್ಥಿತಿ, ನನ್ನ ದೃಷ್ಟಿಯಲ್ಲಿ, ಹಣದ ವಂಚನೆಗಿಂತ ಕ್ರೂರವಾದದ್ದು. ಸಿನಿಮಾ ಇದನ್ನು ಮುಟ್ಟುತ್ತದೆಯಾದರೂ ಬೇಗ ದಾಟಿಹೋಗುತ್ತದೆ. (ಕೀನ್ ಚಿತ್ರಗಳನ್ನು ವಿಮರ್ಶಕರು ಅತಿಭಾವುಕವೆಂದು ಹಳಿದದ್ದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ, ಆದರೆ ಚಿತ್ರ ಎಂಥದ್ದು ಎಂಬುದು ಒಂದು ಪ್ರಶ್ನೆ, ಯಾರದ್ದು ಎಂಬುದು ಇನ್ನೊಂದು.)

ಇದು ಒಂದು ದಾಂಪತ್ಯದ ಮಾತಷ್ಟೇ ಅಲ್ಲ. 1660ರಲ್ಲಿ ತೀರಿಕೊಂಡ ಡಚ್ ಕಲಾವಿದೆ ಯುಡಿತ್ ಲೆಯ್ಸ್ಟರ್ ಅವರ ಚಿತ್ರಗಳು ಬಹುಕಾಲ ಆಕೆಯ ಕಾಲದ ಚಿತ್ರಕಾರ ಫ್ರಾನ್ಸ್ ಹಾಲ್ಸ್ ಮುಂತಾದವರ ಹೆಸರಿನಲ್ಲಿದ್ದವು. 1893ರಲ್ಲಿ ವಿದ್ವಾಂಸರೊಬ್ಬರು, ಹಾಲ್ಸ್‌ನದೆಂದು ಮಾರಾಟವಾಗಿದ್ದ ಚಿತ್ರದಲ್ಲಿ ಆಕೆಯ ನಕ್ಷತ್ರದ ಗುರುತಿನ ಅಂಕಿತವನ್ನು ಪತ್ತೆ ಹಚ್ಚಿದರು.

ಕೀನ್ ಪ್ರಕರಣ ಕೃತಿಸ್ವಾಮ್ಯದ ದಾವೆಯಾಗಿರಲಿಲ್ಲ, ಮಾನಹಾನಿಯ ದಾವೆಯಾಗಿತ್ತು. 1965ರಲ್ಲಿ ವಿಚ್ಛೇದನ ಪಡೆದ ಮಾರ್ಗರೆಟ್, 1970ರಲ್ಲಿ ಸತ್ಯವನ್ನು ಬಹಿರಂಗಪಡಿಸಿದ್ದರು; ಬಳಿಕ ಪತ್ರಿಕೆಯೊಂದರಲ್ಲಿ ವಾಲ್ಟರ್ ಅದನ್ನು ಸುಳ್ಳೆಂದಾಗ ನ್ಯಾಯಾಲಯಕ್ಕೆ ಹೋದರು. ಮಂಡಳಿ 40 ಲಕ್ಷ ಡಾಲರ್ ಪರಿಹಾರ ಘೋಷಿಸಿತು. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾನಹಾನಿಯ ತೀರ್ಪನ್ನು ಎತ್ತಿಹಿಡಿದು, ಪರಿಹಾರವನ್ನು ರದ್ದುಪಡಿಸಿತು.

ಸಿನಿಮಾವನ್ನು ಮತ್ತೊಮ್ಮೆ ನೋಡುವಿರಾದರೆ, ಉದ್ಯಾನದ ಬೆಂಚಿನ ಮೇಲೆ ಕುಳಿತಿರುವ ವೃದ್ಧೆಯ ಮೇಲೊಂದು ಕಣ್ಣಿಡಿ. ಅವರೇ ಮಾರ್ಗರೆಟ್.