ಗೊರಕೆಯಂಥ ಸದ್ದು ಬಂದರೆ ಕಾಯಬೇಡಿ

(ಓದುಗರ ಪ್ರಶ್ನೆಗಳಿಗೆ ಈ ಬಾರಿ ತುರ್ತು ಚಿಕಿತ್ಸಾ ವಿಭಾಗದ ಹಿರಿಯ ನರ್ಸ್ ಒಬ್ಬರ ಉತ್ತರ)

ಪ್ರಶ್ನೆ: ಮದುವೆ ಊಟದ ಪಂಕ್ತಿಯಲ್ಲೇ ನಮ್ಮ ಮಾವ ಕುಸಿದು ಬಿದ್ದರು. ಮುಖಕ್ಕೆ ನೀರು ಚಿಮುಕಿಸಿದೆವು, ಅಂಗಾಲು ತಿಕ್ಕಿದೆವು. ಗೊರಕೆಯಂಥ ಸದ್ದು ಬರುತ್ತಿತ್ತು. ಉಸಿರಿದೆ ಅಂದುಕೊಂಡು ಕಾರು ಬರುವ ತನಕ ಕಾದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಏನಾದರೂ ಮಾಡಬಹುದಿತ್ತಾ?
– ಗೃಹಿಣಿ, ಅರಸೀಕೆರೆ

ಉತ್ತರ: ಮೊದಲಿಗೆ, ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ ತಾಯಿ. ಆ ಸದ್ದು ಏನು ಅಂತ ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ವಿಭಾಗಕ್ಕೆ ಓಡಿ ಬರುವ ಎಷ್ಟೋ ಮನೆಯವರು ಇದೇ ಮಾತು ಹೇಳುತ್ತಾರೆ: "ಸಿಸ್ಟರ್, ದಾರಿಯಲ್ಲಿ ಉಸಿರಾಡ್ತಾ ಇದ್ರು."

ಹೃದಯ ನಿಂತ ಮೇಲೂ ಮಿದುಳಿನ ಬುಡದ ಭಾಗ ಕೆಲವು ನಿಮಿಷ ಜೀವ ಹಿಡಿದಿರುತ್ತದೆ. ಬಾಯಿ ತೆರೆಯುತ್ತದೆ, ದವಡೆ ಅಲ್ಲಾಡುತ್ತದೆ. ಒಂದು ಗೊರಕೆ, ಆಮೇಲೆ ಏನೂ ಇಲ್ಲ, ಮತ್ತೆ ಒಂದು. ಅದು ಉಸಿರಾಟ ಅಲ್ಲವೇ ಅಲ್ಲ. ಕೆಲವರಿಗೆ ಕೈಕಾಲು ಅದುರುತ್ತವೆ. ಆಗ ಜನ ಫಿಟ್ಸ್ ಅಂದುಕೊಂಡು ಕೈಗೆ ಬೀಗದ ಕೀ ಕೊಡುತ್ತಾರೆ. ಕಳೆದುಹೋಗುವುದು ಈ ನಿಮಿಷಗಳೇ. ಸಿಪಿಆರ್ (ಎದೆ ಒತ್ತಿ ರಕ್ತ ಓಡಿಸುವ ತುರ್ತು ಚಿಕಿತ್ಸೆ) ಇಲ್ಲದೆ ಹೋಗುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ.

ಭುಜ ತಟ್ಟಿ ಕೂಗಿದರೂ ಓಗೊಡುತ್ತಿಲ್ಲ, ಉಸಿರು ಎಂದಿನಂತಿಲ್ಲ. ಇಷ್ಟು ಕಂಡರೆ ಸಾಕು. ನಾಡಿ ಹುಡುಕುತ್ತಾ ಕೂರಬೇಡಿ, ಕಲಿತವರಿಗೇ ಆ ಗಾಬರಿಯಲ್ಲಿ ಸಿಗುವುದಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ ಒತ್ತಲಿ. ದೊಡ್ಡವರಿಗೆ 5 ಸೆಂಟಿಮೀಟರ್ ಆಳ, 6 ದಾಟುವುದು ಬೇಡ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ, ಹೃದಯಕ್ಕೆ ರಕ್ತ ತುಂಬುವುದು ಆಗಲೇ. ಇದು ಸುಸ್ತಾಗುವ ಕೆಲಸ. 2 ನಿಮಿಷಕ್ಕೊಮ್ಮೆ ಕೈ ಬದಲಾಗಲಿ. ಛತ್ರದಲ್ಲಿ ಜನಕ್ಕೇನು ಬರ, ಅಲ್ವಾ?

ಪಕ್ಕೆಲುಬು ಮುರಿದರೆ ಅಂತ ಎಲ್ಲರೂ ಕೇಳುತ್ತಾರೆ. ಮುರಿಯಬಹುದು, 'ಲಟಕ್' ಅನ್ನುವುದು ಕೈಗೇ ಗೊತ್ತಾಗಬಹುದು. ನಿಲ್ಲಿಸಬೇಡಿ. ಮೂಳೆ ಕೂಡಿಕೊಳ್ಳುತ್ತದೆ. ಇನ್ನೊಂದು ಮಾತು: ಬಿದ್ದವರು ಹೆಂಗಸಾದರೆ ಗಂಡಸರು ಮುಟ್ಟಲು ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ. ಆ ಮರ್ಯಾದೆ ಅವಳ ಜೀವ ತೆಗೆಯುತ್ತದೆ.

ಪ್ರಶ್ನೆ: ಎನ್‌ಸಿಸಿಯಲ್ಲಿ ನಾವು ಕಲಿತದ್ದು ಮೊದಲು ಬಾಯಿಗೆ ಗಾಳಿ ಊದಬೇಕು, ಆಮೇಲೆ 15 ಸಲ ಒತ್ತಬೇಕು ಅಂತ. ಈಗ ಮೊಮ್ಮಗಳು 30 ಅನ್ನುತ್ತಾಳೆ. ಯಾವುದು ಸರಿ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೊಮ್ಮಗಳದ್ದೇ ಸರಿ ಮೇಷ್ಟ್ರೇ. ನೀವು ಕಲಿತಾಗ ಅದೇ ನಿಯಮ ಇತ್ತು. 2005ರಲ್ಲಿ 15 ಹೋಗಿ 30 ಬಂತು: 30 ಸಲ ಒತ್ತಿ 2 ಸಲ ಊದುವುದು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕ್ರಮವನ್ನೇ ತಿರುಗಿಸಿತು, ಮೊದಲು ಒತ್ತು, ಆಮೇಲೆ ಉಸಿರು. ಊದಲು ಕೈ ತೆಗೆದಾಗಲೆಲ್ಲ ರಕ್ತದ ಒತ್ತಡ ಕುಸಿಯುತ್ತದೆ. ಮತ್ತೆ ಏರಬೇಕಾದರೆ ಹಲವು ಸಲ ಒತ್ತಬೇಕು. ದಿಢೀರನೆ ಬಿದ್ದವರ ರಕ್ತದಲ್ಲಿ ಆಮ್ಲಜನಕ ಇನ್ನೂ ಇರುತ್ತದೆ, ಅದನ್ನು ಮಿದುಳಿಗೆ ತಲುಪಿಸಿದರೆ ಆಯಿತು. ಊದಲು ಬಾರದವರು, ಮನಸ್ಸಾಗದವರು ಬರೀ ಒತ್ತಲಿ. ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಜನಸಾಮಾನ್ಯರಿಗೆ ಹೇಳಿದ್ದೂ ಇದನ್ನೇ. ನನಗೂ ಇದೇ ಸರಿ ಕಾಣುತ್ತದೆ.

ಆದರೆ ನಿಮ್ಮ ಕಡೆ ಹಳ್ಳ, ಹೊಳೆ ಜಾಸ್ತಿ. ನೀರಲ್ಲಿ ಮುಳುಗಿದವರಿಗೆ, ಚಿಕ್ಕ ಮಕ್ಕಳಿಗೆ ತೊಂದರೆ ಶುರುವಾಗುವುದೇ ಉಸಿರಿನಿಂದ. ಅಲ್ಲಿ ಊದುವುದೂ ಬೇಕು. ನಿಮಗೆ ಬರುತ್ತದಲ್ಲ, ಮೊಮ್ಮಗಳಿಗೂ ಕಲಿಸಿ.

ಪ್ರಶ್ನೆ: ಒಬ್ಬರೇ ಇದ್ದಾಗ ಎದೆನೋವು ಬಂದರೆ ಜೋರಾಗಿ ಕೆಮ್ಮುತ್ತಿದ್ದರೆ ಬದುಕಬಹುದು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
– ಆಟೋ ಚಾಲಕ, ದಾವಣಗೆರೆ

ಉತ್ತರ: ಇಲ್ಲ. ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಮನುಷ್ಯ ಮಾತಾಡುತ್ತಿರುತ್ತಾನೆ. ಕೆಮ್ಮಿದರೆ ಆ ಕಟ್ಟು ಬಿಡುವುದಿಲ್ಲ. ಗ್ಯಾಸ್ ಅಂತ ಸೋಡಾ ಕುಡಿದು ಮಲಗಲೂಬೇಡಿ. 108ಕ್ಕೆ ಫೋನ್ ಮಾಡಿ, ಬಾಗಿಲು ತೆರೆದಿಟ್ಟು ಕುಳಿತುಕೊಳ್ಳಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಅಲ್ಲೇ, ದುಡ್ಡಿಲ್ಲದೆ ಕೊಡುತ್ತಾರೆ. ಆದರೆ ಎದೆನೋವು ಇಟ್ಟುಕೊಂಡು ನಿಮ್ಮ ಆಟೋ ನೀವೇ ಓಡಿಸಿಕೊಂಡು ಮಾತ್ರ ಹೋಗಬೇಡಿ.