ಮಾನಸಿಕ ಆರೋಗ್ಯ ಸೇವೆ ಸುಧಾರಿಸಲು ಸಿಬ್ಬಂದಿ ಗುಂಪು: ಯಾರಿಂದ ಶುರು ಮಾಡಲಿ?

ಆಸ್ಪತ್ರೆಯ ಮನೋರೋಗ ವಿಭಾಗ ಸುಧಾರಿಸಲು ಸಿಬ್ಬಂದಿಯ ಗುಂಪು ಕಟ್ಟಬೇಕಂತೆ, ಮೊದಲು ಯಾರನ್ನು ಸೇರಿಸಿಕೊಳ್ಳಲಿ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ, ಮಾತ್ರೆ ಕೊಡುವ ಕಿಟಕಿಯಲ್ಲಿ ಕೂರುವವರನ್ನು ಮೊದಲು ಕರೆಯಿರಿ.

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಇದೇ ಕೆಲಸದಲ್ಲಿರುವ ಸಮಾಜ ಕಾರ್ಯಕರ್ತೆ. ನಮ್ಮ ಮೊದಲ ಗುಂಪಿನಲ್ಲಿ ಡಾಕ್ಟರು, ಅಧಿಕಾರಿಗಳು ಮಾತ್ರ ಇದ್ದರು. ಮೂರು ಸಭೆ ಆದರೂ ಓಪಿಡಿಯಲ್ಲಿ ಏನೂ ಬದಲಾಗಲಿಲ್ಲ.

ಎರಡನೇ ಸಲ ಒಂದೇ ಪ್ರಶ್ನೆ ಹಿಡಿದೆವು: ಒಮ್ಮೆ ಮಾತ್ರೆ ತಗೊಂಡು ಹೋದವರು ಮತ್ತೆ ಯಾಕೆ ಬರುತ್ತಿಲ್ಲ? ಫಾರ್ಮಸಿಯವರು, ಸಿಸ್ಟರ್, ಚೀಟಿ ಬರೆಯುವವರು, ಇಬ್ಬರು ಆಶಾ ಕಾರ್ಯಕರ್ತೆಯರು, ಡಾಕ್ಟರು, ನಾನು. ಏಳೇ ಜನ. ಮಂಗಳವಾರ ಮಾನಸಿಕ ಕಾಯಿಲೆಯವರನ್ನು ನೋಡುವ ಮನೋಚೈತನ್ಯ ಕ್ಲಿನಿಕ್ ಮುಗಿದ ಮೇಲೆ ಅಲ್ಲೇ ಕೂತೆವು. ರಿಜಿಸ್ಟರ್ ಬಿಡಿಸಿ, ತಪ್ಪಿಸಿಕೊಂಡವರ ಎದುರು ಕೆಂಪು ಪೆನ್ನಲ್ಲಿ ಗುರುತು ಹಾಕುತ್ತಾ ಹೋದೆವು. ಜುಲೈ, ಆಗಸ್ಟ್ ಪುಟಗಳೆಲ್ಲ ಕೆಂಪು. ಆಮೇಲೆ ನವೆಂಬರ್, ಡಿಸೆಂಬರ್.

ಫಾರ್ಮಸಿಯವರು ಮೆಲ್ಲಗೆ ಹೇಳಿದರು, "ಮೇಡಂ, ಹದಿನೈದು ದಿನದ್ದೇ ಕೊಡ್ತೀವಿ. ಈ ಮಳೇಲಿ ಆಗುಂಬೆ ಕಡೆಯವರು ತಿಂಗಳಿಗೆ ಎರಡು ಸಲ ಹೇಗೆ ಬರ್ತಾರೆ?" ಆಶಾ ಕಾರ್ಯಕರ್ತೆಯೊಬ್ಬರು, "ಅಡಿಕೆ ಕೊಯ್ಲು ಶುರುವಾದ್ರೆ ಕರ್ಕೊಂಡು ಬರೋಕೆ ಮನೇಲಿ ಯಾರು ಇರ್ತಾರೆ?" ಅಂದರು. ನಾವೋ, ಜನರಿಗೆ ಕಾಯಿಲೆ ಬಗ್ಗೆ ಅರಿವಿಲ್ಲ ಅಂತ ಅಷ್ಟು ದಿನ ಭಾಷಣ ಮಾಡುತ್ತಿದ್ದೆವು. ಅವತ್ತು ನನಗೆ ನಿಜಕ್ಕೂ ನಾಚಿಕೆಯಾಯಿತು.

ಆರೋಗ್ಯ ಸ್ಥಿರವಾಗಿರುವವರಿಗೆ ತಿಂಗಳ ಮಾತ್ರೆ ಕೊಡಲು ಡಾಕ್ಟರು ಒಪ್ಪಿದರು. ಎಲ್ಲರಿಗೂ ಅಲ್ಲ. ಸಾಯುವ ಯೋಚನೆ ಇರುವವರ ಕೈಗೆ ಒಟ್ಟಿಗೆ ಜಾಸ್ತಿ ಮಾತ್ರೆ ಕೊಡಬಾರದು. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರಿಗೆ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಹಾಗಾಗಿ ಡಾಕ್ಟರಂತೂ ಗುಂಪಿನಲ್ಲಿ ಇರಲೇಬೇಕು. ಆದರೆ ಮೊದಲ ಮಾತು ಅವರದ್ದಾಗುವುದು ಬೇಡ. ಅವರು ಬಾಯಿ ಬಿಟ್ಟರೆ ಉಳಿದವರು ಸುಮ್ಮನಾಗುತ್ತಾರೆ, ಅಲ್ವಾ?

ಕೆಳಹಂತದ ಸಿಬ್ಬಂದಿಯನ್ನು ನಂಬುವುದು ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತರಬೇತಿ ಕೊಟ್ಟು ನೋಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಇನ್ನೊಂದು ಮಾತು. ವಾಟ್ಸಾಪ್ ಗುಂಪು ಮಾಡಿದರೆ ರೋಗಿಗಳ ಹೆಸರು, ಚೀಟಿಯ ಫೋಟೋ ಯಾವುದನ್ನೂ ಹಾಕಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರ ಮಾಹಿತಿ ಗುಟ್ಟಾಗಿರಬೇಕು ಅನ್ನುತ್ತದೆ. ನಮ್ಮದು ಸಣ್ಣ ಊರು, ಹೆಸರು ಹೇಳದೆ ಮನೆಯ ಗುರುತು ಹೇಳಿದರೂ ಸಾಕು, ಗೊತ್ತಾಗಿಬಿಡುತ್ತದೆ. ಮತ್ತೆ ಪ್ರತಿ ಚೀಟಿಯ ಹಿಂದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಡಿ. ಮಳೆಗೆ ಬಸ್ಸು ನಿಂತ ದಿನವೂ ಅವರು ಫೋನ್ ಮಾಡಬಹುದು.